ಚೆಂಡುಹೂವಿನ ಗಂಟು

ಅಂಗಡಿಯ ಫ್ರಿಜ್ಜಿನಲ್ಲಿಟ್ಟ ಚೆಂಡುಹೂವಿನ ಹಾರಕ್ಕೆ ಬೇರೆಯದೇ ಒಂದು ವಾಸನೆ. ಹೂವಿನದಲ್ಲ, ಹಸಿ ದಂಟು, ಪ್ಲಾಸ್ಟಿಕ್ಕು, ಮೂಗು ಕೊರೆಯುವ ತಂಪು ಸೇರಿದ್ದು. ಮೊನ್ನೆ ಡಾಲಸ್ ಪಕ್ಕದ ಪ್ಲೇನೋದ ಇಂಡಿಯನ್ ಅಂಗಡಿಯಲ್ಲಿ ಅಂಥ ಒಂದು ಪೊಟ್ಟಣ ಕೈಗೆತ್ತಿಕೊಂಡದ್ದೇ ತಡ, ಫ್ಲೈಓವರು, ಡೀಸೆಲ್ ಹೊಗೆ, ಅಂಕಲ್ ಬೈಗುಳ... ಎಲ್ಲ ಒಟ್ಟಿಗೆ ಎದ್ದು ಬಂದವು.

ಅಂಕಲ್ ಎಂದು ನಾವೆಲ್ಲ ಕರೆಯುತ್ತಿದ್ದ ನಮ್ಮ ಮಾಲೀಕರು ಬಾಗಲಕೋಟೆ ಕಡೆಯವರು. ಹತ್ತಿರದ ಮರ್ಫಿ ಊರಿನಲ್ಲಿ ಮನೆ, ಊರಾಚೆ ಟ್ರಕ್ಕುಗಳ ಯಾರ್ಡು. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಕೆಲಸ, ಚಳಿಗಾಲದಲ್ಲಿ ಹಿಮ ಬಿದ್ದರೆ ಹೆದ್ದಾರಿ ತೆರವು ಮಾಡುವ ಗುತ್ತಿಗೆ. ಡಾಲಸ್‌ನಲ್ಲಿ ಹಿಮ ಬೀಳುವುದೇ ಅಪರೂಪ. ಬಿದ್ದರೆ ಟ್ರಕ್ ಓಡಿಸಲು ಬರುವವರೇ ಇಲ್ಲ. ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ ಅವರಲ್ಲಿ ಸೂಪರ್‌ವೈಸರ್ ಆಗಿದ್ದ ನನ್ನನ್ನು ಅವರು ಒಂದು ದಿನವೂ ನೆಟ್ಟಗೆ ಮಾತನಾಡಿಸಲಿಲ್ಲ.

“ಏನ್ರೀ ಮೇಡಮ್ಮಾ, ಡಿಗ್ರಿ ತೋರ್ಸಿದ್ರ ಬರ್ಫ ಕರಗತೈತೇನು?”

ನನಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ಒಂದು ನಿಯಮವನ್ನು ಅವರು ಎಲ್ಲರಿಗೂ ಬೈಗುಳದಂತೆಯೇ ಕಲಿಸಿದ್ದರು: “ಬ್ರಿಜ್ ಮ್ಯಾಲ ಯಾವ ಮಗಾನೂ ಗಾಡಿ ಇಳಿಯಂಗಿಲ್ಲ. ಇಳಿದಾಂವ ಮನಿ ಮುಟ್ಟಂಗಿಲ್ಲ.”

ಮುಂದೆ ಹಿಮ ತಳ್ಳಿ ಮರಳು ಚೆಲ್ಲುವ ಟ್ರಕ್ ಹೋಗುತ್ತಿತ್ತು. ಅದರ ಹಿಂದೆ ಕಾವಲು ಟ್ರಕ್; ಅದರ ಬೆನ್ನಿಗೆ ಹಳದಿ ದೀಪಗಳ ದೊಡ್ಡ ಬಾಣ. ಹಿಂದಿನಿಂದ ಬರುವವರು ಬಾಣ ನೋಡಿ ಪಕ್ಕದ ಲೇನಿಗೆ ಸರಿಯಬೇಕು. ಕಾಣದಿದ್ದರೆ ನೇರ ಬಂದು ಗುದ್ದುತ್ತಾರೆ.

ಆ ಸಲ ಹಿಮ ಬಿದ್ದಾಗ ಕಾವಲು ಟ್ರಕ್ ಹೊಸದು. ಸಂಜೆ ಅಂಕಲ್ ಹೆಂಡತಿ, ನಮ್ಮೆಲ್ಲರ ಆಂಟಿ, ಯಾರ್ಡಿಗೆ ಬಂದು ಕಾಯಿ ಒಡೆದರು, ಗಾಲಿಗಳಡಿ ನಿಂಬೆಹಣ್ಣು ಇಟ್ಟರು, ದಪ್ಪ ಚೆಂಡುಹೂವಿನ ಹಾರವೊಂದನ್ನು ಬಾಣಕ್ಕೆ ಅಡ್ಡಲಾಗಿ ಬಿಗಿದು ಕಟ್ಟಿದರು.

“ಅಂಕಲ್, ಲೈಟ್ ಮುಚ್ಚುತ್ತೆ. ಕತ್ತರಿಸಿಬಿಡೋಣ,” ಎಂದೆ.

“ದೇವರ ಹಾರ ಕತ್ತರಿಸ್ತಾರೇನ್ರಿ? ಮೈಸೂರಾಗ ಇದನ್ನ ಕಲಿಸ್ಯಾರೇನು ನಿಮಗ?”

ಆ ರಾತ್ರಿ ಕಾವಲು ಟ್ರಕ್ಕಿನ ಡ್ರೈವರ್ ಬರಲಾಗದೆ ಅಂಕಲ್ ತಾವೇ ಸ್ಟಿಯರಿಂಗ್ ಹಿಡಿದರು. ಮುಂದಿನ ಟ್ರಕ್ಕಿನೊಂದಿಗೆ ರೇಡಿಯೋದಲ್ಲಿ ಮಾತನಾಡಲು ನಾನು ಪಕ್ಕದಲ್ಲಿ ಕೂತೆ. ಫ್ಲೈಓವರ್ ಮೇಲೆ ಗಾಳಿ ಟ್ರಕ್ಕನ್ನೇ ಅಲುಗಿಸುತ್ತಿತ್ತು. ಹಿಮ ತಂದವರು ನಾವೇ ಎಂಬಂತೆ ಕಾರಿನವರು ಹಾರ್ನ್ ಬಾರಿಸಿ ಹೋಗುತ್ತಿದ್ದರು. ಒಬ್ಬ ಕಿಟಕಿ ಇಳಿಸಿ, ನಿಮ್ಮ ದೀಪ ಎಲ್ಲಿ, ಸಾಯ್ತೀರಾ ಎಂದು ಇಂಗ್ಲಿಷಿನಲ್ಲಿ ಕಿರುಚಿದ. ಹಾರದ ಒಂದೊಂದು ಹೂವಿಗೂ ಹಿಮ ಗಟ್ಟಿಯಾಗಿ ಮೆತ್ತಿಕೊಂಡು ಬಾಣವನ್ನೇ ಮುಚ್ಚಿತ್ತೆಂದು ಆಮೇಲೆ ತಿಳಿಯಿತು.

ಹಾರ ಕೀಳಲೆಂದು ನಾನು ಬಾಗಿಲಿಗೆ ಕೈ ಹಾಕಿದೆ. ಅಂಕಲ್ ಟ್ರಕ್ ನಿಲ್ಲಿಸಿ ನನ್ನ ತೋಳು ಹಿಡಿದೆಳೆದರು. “ಇಳಿಬ್ಯಾಡ ಅಂದ್ರ ತಿಳಿಯೂದಿಲ್ಲೇನು? ಕುಂದ್ರು ಸುಮ್ನ!”

ತಾವೇ ಇಳಿದರು.

ಪಕ್ಕದ ಕನ್ನಡಿಯಲ್ಲಿ ಅವರ ಒಂದು ಭುಜ, ಕೈ, ಅರ್ಧ ಮುಖ ಅಷ್ಟೇ ಕಾಣುತ್ತಿದ್ದವು. ಒಂದು ಎಳೆತಕ್ಕೆ ಹರಿದು ಬರುತ್ತಿತ್ತು ಆ ದಾರ. ಅವರು ಕೈಗವಸನ್ನು ಹಲ್ಲಿನಿಂದ ಕಿತ್ತು, ಬರಿಬೆರಳಿನಿಂದ ಗಂಟು ಹುಡುಕುತ್ತಿದ್ದರು.

“ಅಂಕಲ್, ಹರೀರಿ! ಹರಿದುಹಾಕ್ರಿ!”

“ಬಾಯಿ ಮುಚ್ಚರಿ! ಬಿಚ್ಚಾಕತ್ತೇನಿ...”

ಕನ್ನಡಿಯಲ್ಲಿ ಎರಡು ಹೆಡ್‌ಲೈಟುಗಳು ಅಡ್ಡಡ್ಡ ತಿರುಗುತ್ತ ಬಂದವು. ಒಂದು ಪಿಕಪ್. ಅದರವನು ಬ್ರೇಕ್ ಹಾಕಿದ್ದ, ಆದರೆ ಹಿಮದ ಮೇಲೆ ಗಾಲಿಗಳು ಹಿಡಿಯಲಿಲ್ಲ... ಟ್ರಕ್ ಒಮ್ಮೆ ನಡುಗಿತು. ಆಮೇಲೆ ಕನ್ನಡಿಯಲ್ಲಿ ಭುಜ ಇರಲಿಲ್ಲ.

ಈಗಲೂ ಕಾರಿನ ಕನ್ನಡಿ ನೋಡುವಾಗ ನನ್ನ ಕಾಲು ತಾನಾಗಿ ಬ್ರೇಕ್ ಒತ್ತುತ್ತದೆ. ಅವರ ಮೇಲಿನ ಸಿಟ್ಟು ಇಳಿದಿಲ್ಲ. ಹಾರ ಹರಿಯಲಾಗದ ಮನುಷ್ಯ ಹೆದ್ದಾರಿಯ ಗುತ್ತಿಗೆ ಹಿಡಿಯಬಾರದಿತ್ತು.

ಮೊನ್ನೆ ಹಾರ ಕೊಂಡದ್ದು ಅವರ ಫೋಟೋಗೇ. ಮರ್ಫಿಯ ಮನೆಯಲ್ಲಿ ಆಂಟಿ ಪ್ರತಿಸಲದಂತೆ ಹೇಳಿದರು, “ಆ ಹಾರ ಕಾದದ್ದಕ್ಕ ನೀ ಉಳಿದಿ ನೋಡವ್ವಾ. ಹಳೇದು ತಗದು ಹೊಸಾದು ಹಾಕು.”

ಇದನ್ನಾದರೂ ಹರಿದು ಎಸೆಯಬೇಕೆಂದು ಹಳೆಯ ಹಾರಕ್ಕೆ ಕೈ ಹಾಕಿದೆ. ಒಣಗಿದ ದಾರ, ಒಂದೇ ಎಳೆತ ಸಾಕಿತ್ತು. ಫೋಟೋದಲ್ಲಿ ಅಂಕಲ್ ಅದೇ ಹಂಗಿಸುವ ಮುಖ ಮಾಡಿಕೊಂಡಿದ್ದರು. ಅವರನ್ನು ಮನಸ್ಸಿನಲ್ಲೇ ಬೈಯುತ್ತ, ಉಗುರು ತೂರಿಸಿ ಗಂಟು ಬಿಚ್ಚತೊಡಗಿದೆ.