ಮುಚ್ಚಳ ಹಾಕಿದಾಗಲೂ ಕಂಡ ಗೆರೆ

ಹೋದ ವಾರ ಕುಂದಾಪುರದ ಹಲ್ಲಿನ ಡಾಕ್ಟರು ಎಕ್ಸ್-ರೇ ತೆಗೆಯುವ ಮುಂಚೆ ನನಗೆ ಸೀಸದ ಏಪ್ರನ್ ಹೊದಿಸಿದರು. ಹಳೆಯ ರಬ್ಬರು, ಯಾರದೋ ಬೆವರು... ಆ ವಾಸನೆಗೆ ನನ್ನ ಹಿರಿಯ ಸಹೋದ್ಯೋಗಿ ನೆನಪಾದರು.

ಅವರು ವಂಡ್ಸೆಯವರು, ನಾನು ಬಾರ್ಕೂರಿನವಳು. ಊರಿಂದ ದೂರದ ಪ್ರಯೋಗಾಲಯವೊಂದರಲ್ಲಿ ಒಟ್ಟಿಗಿದ್ದೆವು. ಉಪಗ್ರಹದಲ್ಲಿ ಹೋಗುವ ಎಕ್ಸ್-ರೇ ಉಪಕರಣ ಸರಿಯಾಗಿ ಅಳೆಯುತ್ತದೆಯೇ ಎಂದು ಪರೀಕ್ಷಿಸಿ ತಿದ್ದುವುದು ಅವರ ಕೆಲಸ. ಇಂಥದೇ ಏಪ್ರನ್ ತೊಟ್ಟು ಗಂಟೆಗಟ್ಟಲೆ ನಿಲ್ಲುತ್ತಿದ್ದರು. ನನಗೆ ಕೆಲಸ ಕಲಿಸಿದವರೂ ಅವರೇ.

ಉಪಕರಣ ಮೇಲೆ ಹೋಯಿತು. ಅದು ಕಳಿಸಿದ ಮಾಹಿತಿಯಲ್ಲಿ ಯಾರೂ ನಿರೀಕ್ಷಿಸದ ಒಂದು ಸಣ್ಣ ಗೆರೆ ಕಾಣಿಸಿತು. ಯಾರ ಕಣ್ಣಿಗೂ ಬೀಳದ ಡಾರ್ಕ್ ಮ್ಯಾಟರ್ ಕ್ಷಯಿಸುವಾಗ ಹೊಮ್ಮುವ ಕಿರಣ ಇದೇ ಎಂದು ನಮ್ಮ ಮುಖ್ಯಸ್ಥರು ಕುಣಿದಾಡಿದರು. ಈ ಹಿರಿಯರು ಮಾತ್ರ ನನ್ನ ಮೇಜಿಗೆ ಬಂದು, ಊರ ಹುಡುಗಿಯನ್ನು ಕರೆಯುವ ಹಾಗೆ, "ಮುಚ್ಚಳ ಹಾಯ್ಕಂಡ್ ಒಂದ್ಸಲ ಕಾಂಬ, ಹೆಣೆ" ಎಂದರು. ನೆಲದಿಂದಲೇ ಆದೇಶ ಕಳಿಸಿ ಉಪಕರಣದ ಮುಚ್ಚಳ ಹಾಕಿ ಆಕಾಶವನ್ನೇ ಮರೆಮಾಡಿದೆವು. ಗೆರೆ ಅಲ್ಲೇ ಇತ್ತು.

"ಹಂಗಾರೆ ಇದ್ ಆಕಾಶದ್ದಲ್ಲ, ನಮ್ ಯಂತ್ರದ್ದೇ" ಎಂದರು.

ಮುಖ್ಯಸ್ಥರು ನನ್ನೊಬ್ಬಳನ್ನೇ ಕರೆಸಿದರು. "ಮುಚ್ಚಳದ ಪರೀಕ್ಷೆ ವರದಿಗೆ ಬೇಡ. ನಿನ್ನ ಹೆಸರು ಮೊದಲು ಬರುತ್ತದೆ." ನಾನು ಸಹಿ ಹಾಕಿದೆ. ಇವರು ಹಾಕಲಿಲ್ಲ.

ಬ್ರಹ್ಮಾವರದಲ್ಲಿ ನನಗೆ ಸನ್ಮಾನವಾಯಿತು. ಶಾಲು, ಹಣ್ಣಿನ ಬುಟ್ಟಿ, ಹಿಂದೆ ‘ಊರಿನ ಹೆಮ್ಮೆ’ ಎಂಬ ಬ್ಯಾನರು. ಹಲ್ಲು ಕಿರಿದು ನಿಂತ ಆ ಫೋಟೊ ಕಂಡರೆ ಈಗ ನನಗೇ ವಾಕರಿಕೆ.

ಎರಡು ವರ್ಷದ ಮೇಲೆ ಬೇರೆ ದೇಶದ ಉಪಗ್ರಹ ಅದೇ ಜಾಗ ನೋಡಿತು, ಗೆರೆಯೇ ಇರಲಿಲ್ಲ. ಮುಖ್ಯಸ್ಥರಿಗೆ ನಾಚಿಕೆಯೂ ಆಗಲಿಲ್ಲ. ಉಪಕರಣ ಪರೀಕ್ಷಿಸಿದವರದೇ ತಪ್ಪು ಎಂದು ತುಂಬಿದ ಸಭೆಯಲ್ಲಿ ಇವರತ್ತ ಬೆರಳು ಮಾಡಿದರು. ಇವರು ನನ್ನ ಮುಖ ನೋಡಿದರು. ಮುಚ್ಚಳದ ಪರೀಕ್ಷೆಯ ಫೈಲು ನನ್ನ ಕಂಪ್ಯೂಟರಿನಲ್ಲೇ ಇತ್ತು. ತಲೆ ತಗ್ಗಿಸಿ ಕೂತೆ... ಹೇಸಿಗೆಯ ಹುಳುವಿನ ಹಾಗೆ.

ಅದೇ ಸಂಜೆ ಇವರು ರಾಜೀನಾಮೆ ಕೊಟ್ಟು, "ಬತ್ತೆ, ಹೆಣೆ" ಎಂದಷ್ಟೇ ಹೇಳಿ ಹೊರಟರು. ಮತ್ತೆ ನಾನು ಒಂದು ಫೋನನ್ನೂ ಮಾಡಲಿಲ್ಲ.

ಹೋದ ವಾರ ಹಲ್ಲಿನ ಡಾಕ್ಟರ ಬಳಿಯಿಂದ ನೇರ ವಂಡ್ಸೆ ಬಸ್ಸು ಹತ್ತಿದೆ. ಬಾಗಿಲು ತೆರೆದ ಅವರ ಹೆಂಡತಿಗೆ ನನ್ನ ಹೆಸರು ಹೇಳಿದೆ.

"ನೀವಾ... ಅವ್ರ್ ತೀರಿ ಹೋಯಿ ಮೂರ್ ತಿಂಗ್ಳಾಯ್ತಲೆ" ಎನ್ನುತ್ತ ನನ್ನ ಕೈ ಹಿಡಿದುಕೊಂಡರು. "ಅಷ್ಟ್ ಜನದಗೆ ನೀವೊಬ್ರೇ ಅವ್ರ್ ಬದಿಗ್ ನಿಂತದ್ದಂಬ್ರ್. ಯಾವಾಗ್ಳೂ ಹೇಳ್ತಿದ್ರ್."

"ಇಲ್ಲ ಅಮ್ಮ, ಸಹಿ ಹಾಕಿದವಳೇ ನಾನು" ಎಂದೆ.

ಅವರ ಕೈ ಮೆಲ್ಲ ಸಡಿಲವಾಯಿತು. "ಹಂಗಾರೆ ಅವ್ರ್ ನನ್ಹತ್ರ ಸುಳ್ಳ್ ಹೇಳ್ರಾ?" ಎಂದರು.

ನಾನು ಮೆಟ್ಟಿಲಿಳಿದೆ. ಬಸ್ಸು ಬರುವವರೆಗೂ ಗೇಟಿನಾಚೆ ನಿಂತಿದ್ದೆ. ಒಳಗೆ ಬನ್ನಿ ಎಂದು ಅವರು ಕರೆಯಲಿಲ್ಲ.