ದೇವರ ನೀರು ಯಾವ ಚರಂಡಿಗೆ

ನನ್ನ ಕೆಲಸ ಏನೆಂದು ಕೇಳಿದರೆ ನಮ್ಮವರಿಗೆ ನಗು. ನಾನು ಡಾಕ್ಟರಲ್ಲ, ಕಂಪ್ಯೂಟರ್ ಎಂಜಿನಿಯರೂ ಅಲ್ಲ. ಓಕ್ಲ್ಯಾಂಡಿನ ಒಂದು ಆಫೀಸಿನಿಂದ ಹೊರಟು, ಯಾರು ಎಲ್ಲಿ ಕೊಳೆ ನೀರು ಸುರಿಯುತ್ತಿದ್ದಾರೆ ಎಂದು ನೋಡಿ ನೋಟಿಸ್ ಬರೆಯುವವಳು. ‘ಚರಂಡಿ ಪೊಲೀಸು’ ಎಂದು ಗೇಲಿ ಮಾಡುತ್ತಾರೆ. ಮಾಡಲಿ. ಇಲ್ಲಿ ಚರಂಡಿ ಎರಡು ಬಗೆ. ಸಿಂಕು, ಬಚ್ಚಲು, ಟಾಯ್ಲೆಟ್ಟಿನ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ರಸ್ತೆ ಬದಿಯ ಜಾಲರಿಗೆ ಬಿದ್ದದ್ದು ಹಾಗೇ ಹಳ್ಳಕ್ಕೆ, ಅಲ್ಲಿಂದ ಕೊಲ್ಲಿಗೆ. ಅದಿರುವುದು ಮಳೆ ನೀರಿಗೆ ಮಾತ್ರ.

ಈ ವಿಷಯಕ್ಕೆ ಅಕ್ಕನ ಜೊತೆ ಜಗಳವಾದೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಇಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನಲ್ಲಿ ನಮ್ಮ ಗಣೇಶ ಹಬ್ಬ ನಡೆಸುವ, ಉಡುಪಿ ಕಡೆಯ ಹಿರಿಯರು. ನನ್ನ ಗಂಡನಿಗೆ ಆಪರೇಷನ್ ಆದಾಗ ಎರಡು ತಿಂಗಳು ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿಗೆ ದಿನಾ ಊಟ ತಂದುಕೊಟ್ಟವರು. ಈ ದೇಶದಲ್ಲಿ ನನಗೆ ತವರು ಅಂತ ಇದ್ದರೆ ಅವರ ಮನೆ.

ಹಬ್ಬದ ಕೊನೆಗೆ ಎಲ್ಲರೂ ಮನೆಯ ಗಣಪತಿಗಳನ್ನು ತಂದು, ಬಾಡಿಗೆ ಸಭಾಂಗಣದ ಪಾರ್ಕಿಂಗ್ ಲಾಟಿನಲ್ಲಿ ಮಕ್ಕಳಾಡುವ ಪ್ಲಾಸ್ಟಿಕ್ ಕೊಳದಲ್ಲಿ ಮುಳುಗಿಸುತ್ತೇವೆ. ಕೊಲ್ಲಿಗೆ ಬಿಡುವುದಿಲ್ಲ ಎಂದು ನಮಗೆ ಜಂಬ ಬೇರೆ! ಹೋದ ವರ್ಷ ಎಲ್ಲ ಮುಗಿದ ಮೇಲೆ ಆ ಕೊಳವನ್ನೇ ಎತ್ತಿ ಜಾಲರಿಗೆ ಬಗ್ಗಿಸಿದರು. ಕುಂಕುಮ, ಬಣ್ಣ, ಬೆಳ್ಳಿ ಪೇಂಟು, ಎಲ್ಲ ಹೋಯಿತು. ಅಕ್ಕ ಅಲ್ಲೇ ನಿಂತಿದ್ದರು. ನಾನು ಬಾಯಿ ಮುಚ್ಚಿಕೊಂಡು ಕೋಸಂಬರಿ ತಿಂದೆ. ಎರಡು ದಿನ ಕಳೆದು, ನೆಲ ಒರೆಸಿದ ಒಂದೇ ಒಂದು ಬಕೆಟ್ ನೀರನ್ನು ಜಾಲರಿಗೆ ಸುರಿದ ಟಾಕೋ ತಿಂಡಿ ಮಾರುವ ಗಾಡಿಯವನಿಗೆ ನೋಟಿಸ್ ಬರೆದೆ. ಅವನು ತುಟಿಪಿಟಿಕ್ ಎನ್ನದೆ ಸಹಿ ಹಾಕಿದ. ಥೂ, ನನ್ನ ಜನ್ಮಕ್ಕಿಷ್ಟು, ಅನ್ನಿಸಿತು.

ಈ ವರ್ಷ ಅಕ್ಕನಿಗೆ ಮೊದಲೇ ಹೇಳಿದೆ: ಆ ನೀರು ಸಭಾಂಗಣದ ಒಳಗಿನ ಚರಂಡಿಗೇ ಹೋಗಬೇಕು. “ನೋಡುವ” ಎಂದರು. ಹಬ್ಬದ ಮಧ್ಯಾಹ್ನ ನೋಡಿದರೆ, ನಾಲ್ಕು ಜನ ಗಂಡಸರು ಮತ್ತೆ ಕೊಳದ ಅಂಚಿಗೆ ಕೈ ಹಾಕಿದ್ದಾರೆ! ನಾನು ಹೋಗಿ ಜಾಲರಿಯ ಮೇಲೆ ನಿಂತೆ.

“ಮೇಡಮ್, ಇವತ್ತು ಸಂಡೇ. ಡ್ಯೂಟಿ ಬಿಡಿ,” ಎಂದ ಒಬ್ಬ. “ಬರೀ ಮಣ್ಣು, ನ್ಯಾಚುರಲ್ಲು.”

“ಆ ಬೆಳ್ಳಿ ಪೇಂಟೂ ಹೊಲದಲ್ಲಿ ಬೆಳೆದಿದ್ದಾ? ಸುರಿಯೋದಾದ್ರೆ ನನ್ನ ಸೀರೆ ಮೇಲೆ ಸುರೀರಿ. ನಾನಂತೂ ಜರುಗಲ್ಲ.”

ಅಕ್ಕ ಬಂದರು. “ಎಂತ ಮಾರಾಯ್ತಿ ಇದು? ಮಳೆ ನೀರು ಹೋಗುವ ಶುದ್ಧ ಜಾಗ ಇರುವಾಗ ದೇವರ ನೀರನ್ನು ಕಕ್ಕಸಿಗೆ ಹಾಕುವುದಾ?”

“ಶುದ್ಧ ಅಂತ್ಲೇ ಅಲ್ಲಿ ಹಾಕಬಾರದು ಅಕ್ಕ. ಕಕ್ಕಸು ಬೇಡ, ಅಡುಗೆಮನೆ ಹಿಂದೆ ನೆಲ ಒರೆಸೋರ ಸಿಂಕ್ ಇದೆ.”

“ಅದು ಕಡೆಗೆ ಎಲ್ಲಿಗೆ ಹೋಗ್ತದೆ?”

ಸುಳ್ಳು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. “ಟಾಯ್ಲೆಟ್ ನೀರಿನ ಜೊತೆಗೇ,” ಎಂದೆ.

“ಹಾಗಾದ್ರೆ ಇನ್ನು ನನ್ನ ಮನೆಗೆ ಬರಬೇಡ.”

ಕಣ್ಣಲ್ಲಿ ನೀರು ಬಂತು, ಎಲ್ಲರೆದುರಿಗೇ. ಆದರೂ ಆ ನಾಲ್ವರು ಕೊಳ ಕೆಳಗಿಡುವ ತನಕ ಕಾಲು ತೆಗೆಯಲಿಲ್ಲ. ಆಮೇಲೆ ಒಬ್ಬಳೇ ಬಕೆಟ್ ಬಕೆಟ್ ಹೊತ್ತು ಸಿಂಕಿಗೆ ಸುರಿದೆ. ತಳದ ಮಣ್ಣನ್ನು ಚೀಲಕ್ಕೆ ತುಂಬಿದೆ. ಗಂಡಸರು ಕೈಕಟ್ಟಿ ನೋಡುತ್ತಿದ್ದರು. ಒಬ್ಬರೂ ಹತ್ತಿರ ಸುಳಿಯಲಿಲ್ಲ. ಸೀರೆಯ ನೆರಿಗೆಯೆಲ್ಲ ಕುಂಕುಮದ ನೀರು.

ಸೋಮವಾರ ಮೇಲಧಿಕಾರಿಗೆ ಹೋದ ವರ್ಷದ್ದನ್ನೂ ಹೇಳಿದೆ, ನಾನು ಕಂಡೂ ಸುಮ್ಮನಿದ್ದೆ ಎಂಬುದನ್ನೂ ಸೇರಿಸಿ. ನಾನು ಚೆನ್ನಾಗಿ ಬೈಸಿಕೊಂಡೆ, ಹಬ್ಬದ ಸಮಿತಿಗೆ ನೋಟಿಸ್ ಹೋಯಿತು. ಸಂಜೆಯೊಳಗೆ ನನ್ನನ್ನು ಹಬ್ಬದ ವಾಟ್ಸಾಪ್ ಗ್ರೂಪಿನಿಂದ ತೆಗೆದುಹಾಕಿದ್ದರು.

ಶನಿವಾರ ಅಕ್ಕನ ಮನೆಗೆ ಹೋಗಿ ಬೆಲ್ ಒತ್ತಿದೆ. ಬಾಗಿಲು ತೆರೆದವರು ದಾರಿ ಬಿಡದೆ ನಿಂತರು.

“ಎಂತಕ್ಕೆ ಬಂದದ್ದು? ತಪ್ಪಾಯ್ತು ಅಂತ ಹೇಳ್ಲಿಕ್ಕಾ?”

“ಇಲ್ಲ. ಬರೋ ವರ್ಷನೂ ಅಲ್ಲೇ ನಿಲ್ತೀನಿ. ನಿಮ್ಮನ್ನ ನೋಡದೆ ಇರೋಕಾಗಲ್ಲ, ಅದಕ್ಕೆ ಬಂದೆ.”

ಅವರು ಬಾಗಿಲಿಂದ ಸರಿಯಲಿಲ್ಲ. ನಾನೂ ಹೊರಡಲಿಲ್ಲ. ಒಳಗೆ ಒಲೆಯ ಮೇಲೆ ಹಾಲು ಉಕ್ಕಿದ ಸದ್ದಾಯಿತು. ಅಯ್ಯೋ ಎಂದು ಅಕ್ಕ ಓಡಿದರು. ಬಾಗಿಲು ಹಾಕಿಕೊಳ್ಳಲಿಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ.