ಬಳೆ ತೊಡಿಸುವಾಗ ನಾನಿ ನಗುತ್ತಿರಲಿಲ್ಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕೊಟ್ಟೂರಿನಲ್ಲಿ ಒಬ್ಬ ಮದುಮಗಳ ಕೈಯಲ್ಲಿ ರಕ್ತ ಬರಿಸಿದವನು ನಾನು. ಚಾಕು ಇರಲಿಲ್ಲ, ಬಾಯಿ ಇತ್ತು, ಅಷ್ಟೇ ಸಾಕಾಯಿತು. ಆಗ ನನಗೆ ಹತ್ತು ವರ್ಷ. ಮರೆತೇಬಿಟ್ಟಿದ್ದೆನೋ ಏನೋ. ಮೊನ್ನೆ ಕಾನಹೊಸಹಳ್ಳಿಯಿಂದ ಬರುವ ಬಸ್ಸಿನಲ್ಲಿ ಮೊಬೈಲಿಗೆ ಮುಖ ಕೊಟ್ಟು ಕೂತಿದ್ದಾಗ, ಮುಂದೆ ನಿಂತಿದ್ದ ಹೆಂಗಸೊಬ್ಬಳು ಕಂಬಿ ಹಿಡಿಯಲು ಕೈ ಎತ್ತಿದಳು. ಡಜನ್ ಗಾಜಿನ ಬಳೆಗಳು ಮೊಣಕೈ ಕಡೆಗೆ ಝಲ್ಲನೆ ಜಾರಿದವು. ನನ್ನ ಬೆರಳು ಮೊಬೈಲಿನ ಮೇಲೆ ಹಾಗೇ ನಿಂತಿತು. ಆ ಸದ್ದಿನಲ್ಲಿ ನಮ್ಮ ನಾನಿಯ ಇಡೀ ಮನೆ ಇತ್ತು. ಇಳಿಯಬೇಕಾದ ಸ್ಟಾಪು ದಾಟಿಯೇ ಹೋಯಿತು. "ಎಲ್ಲೈತ್ರಿ ಧ್ಯಾನ?" ಅಂದ ಕಂಡಕ್ಟರ್. ಆ ಮೂಗಿನ ದನಿಯನ್ನು ಅಲ್ಲೇ ಗಂಟಲಿಗೆ ಹಾಕಿಕೊಂಡೆ. ಕಂಡವರ ದನಿ ಅನುಕರಿಸುವ ಚಟ ಇನ್ನೂ ಬಿಟ್ಟಿಲ್ಲ.

ನಾನಿ ಅಂದರೆ ನನ್ನ ತಾಯಿಯ ತಾಯಿ. ಊರಿಗೆಲ್ಲ ಬಳೆಗಾರ ಬೀಬಮ್ಮ. ಮನೆ ಅಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ಗೋಡೆಯ ಗೂಟಗಳಿಗೆ ದಾರದಲ್ಲಿ ಪೋಣಿಸಿ ತೂಗುಬಿಟ್ಟ ಬಳೆಯ ಮಲಾರಗಳು. ಬೆಳಿಗ್ಗೆ ಬಾಗಿಲು ತೆರೆದರೆ ಬಿಸಿಲು ಅವುಗಳ ಮೂಲಕ ಹಾದು ಹಸಿರು ಕೆಂಪಾಗಿ ನೆಲದ ಮೇಲೆ ಬೀಳುತ್ತಿತ್ತು. ಆ ಬಣ್ಣದ ಮೇಲೆ ಕೂತು ನಾನು ರೊಟ್ಟಿ ತಿನ್ನುತ್ತಿದ್ದೆ. ಬಳೆ ಪೆಟ್ಟಿಗೆಯ ಒಣಹುಲ್ಲಿನ ವಾಸನೆ ನಾನಿಯ ಸೆರಗಿಗೂ ಅಂಟಿತ್ತು. ಅವಳು ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವವಳು. ಅಕ್ಕಿ ಆರಿಸುವಾಗ ಅಕ್ಕಿ ಮಾತ್ರ. ಕರೆದರೆ ಕಲ್ಲು ಸಿಕ್ಕಮೇಲೆಯೇ ತಲೆ ಎತ್ತುವುದು. ನಾನು ಈಗ ಮೊಬೈಲ್ ನೋಡುತ್ತಾ ಉಣ್ಣುತ್ತೇನೆ, ಉಣ್ಣುತ್ತಾ ಹೆಂಡತಿಗೆ "ಹೂಂ" ಅನ್ನುತ್ತೇನೆ. ಯಾವುದಕ್ಕೆ ಹೂಂ ಅಂದೆನೆಂದು ಸಂಜೆ ಗೊತ್ತಾಗುತ್ತದೆ.

ಆದರೆ ನಾನಿಯ ಕಸುಬು ನಿಂತಿದ್ದದ್ದೇ ಬೇರೆಯವರ ಧ್ಯಾನ ತಪ್ಪಿಸುವುದರ ಮೇಲೆ. ಗಾಜಿನ ಬಳೆ ಬಿಗಿಯಾಗಿ ಕೂರಬೇಕು ಅಂದರೆ ಬೆರಳ ಗೆಣ್ಣುಗಳನ್ನು ಒತ್ತಿ, ಅಂಗೈ ಮಡಿಸಿ ಏರಿಸಬೇಕು. ನೋವಿಗೆ ಹೆದರಿದ ಕೈ ಸೆಟೆಯುತ್ತದೆ. "ಮನಸು ಕೈಯಾಗ ಇದ್ರ ಕೈ ಕಟಿಗಿ ಆಕೈತಿ. ಮನಸು ಅತ್ಲಾಗ ಹೋದ್ರ ಬೆಣ್ಣಿ," ಅನ್ನುತ್ತಿದ್ದಳು. ಹಾಗಾಗಿ ಬಳೆ ಗೆಣ್ಣಿನ ಮೇಲೆ ಬಂದು ನಿಂತ ಸರಿಯಾದ ಗಳಿಗೆಗೆ ಎಲ್ಲ ಹೆಂಗಸರಿಗೂ, ಇನ್ನೂ ತವರಲ್ಲೇ ಇರುವ ಹುಡುಗಿಯರಿಗೂ ಒಂದೇ ಪ್ರಶ್ನೆ: "ತಂಗಿ, ನಿಮ್ಮ ತವರುಮನಿ ಎಮ್ಮಿ ಕರ ಹಾಕ್ತಾ?" ಆಕೆ ಎಮ್ಮೆಯ ಹಿಂದೆ ತವರಿಗೆ ಹೋಗಿ ಬರುವಷ್ಟರಲ್ಲಿ ಬಳೆ ಮಣಿಕಟ್ಟಿನಲ್ಲಿ. ಎಮ್ಮೆಯೇ ಇಲ್ಲದವರೂ ಯೋಚಿಸುತ್ತಿದ್ದರು. ನನ್ನ ಮಿಮಿಕ್ರಿ ಊರಲ್ಲಿ ಹೆಸರಾದಮೇಲೆ ನನ್ನನ್ನೂ ಕರೆದುಕೊಂಡು ಹೋಗತೊಡಗಿದಳು. ಹರಪನಹಳ್ಳಿ ಬಸ್ಸಿನ ಕಂಡಕ್ಟರು, ಸೀನುವ ಗಣಿತದ ಮೇಷ್ಟ್ರು, ನನ್ನದೇ ಅಳು, ಎಲ್ಲ ಮಾಡುತ್ತಿದ್ದೆ. ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ನಾನಿಯ ತುಟಿ ಮಾತ್ರ ಅಲುಗುತ್ತಿರಲಿಲ್ಲ. ಅದೇ ನನಗೆ ಮುಳ್ಳಾಗಿತ್ತು. ಊರನ್ನೇ ನಗಿಸಿದವನಿಗೆ ಒಬ್ಬ ಮುದುಕಿಯನ್ನು ನಗಿಸಲಾಗಲಿಲ್ಲವಲ್ಲ!

ಆ ದಿನ ಕೊಟ್ರಮ್ಮನ ಮದುವೆಯ ಬಳೆ ಶಾಸ್ತ್ರ. ಅವಳ ಅಜ್ಜಿಗೆ, ಅವ್ವಗೆ ಬಳೆ ತೊಡಿಸಿದವಳು ನಾನಿಯೇ. ಆ ಮನೆಯ ಕೈಗಳೆಲ್ಲ ಅವಳ ಅಂಗೈಯಲ್ಲಿ ಹಾದುಹೋದವು. ಪಕ್ಕದಲ್ಲಿ ಸೋದರತ್ತೆ ಹಾಲಮ್ಮ, ಶಕುನ ನೋಡುವುದರಲ್ಲಿ ಗಟ್ಟಿಗಿತ್ತಿ, ಕಣ್ಣು ಮಿಟುಕಿಸದೆ ಕೂತಿದ್ದಳು. ಬಲಗೈ ಮುಗಿಯಿತು. ಎಡಗೈಯ ಕೊನೆಯ ಹಸಿರು ಬಳೆ ಗೆಣ್ಣಿನ ಮೇಲೆ ಬಂತು. ನಾನಿ ಉಸಿರೆಳೆದುಕೊಂಡು ಬಾಯಿ ತೆರೆಯಬೇಕು, ಅದಕ್ಕೆ ಅರೆಗಳಿಗೆ ಮೊದಲು ನಾನೇ ಅವಳ ದನಿಯಲ್ಲಿ, ಅವಳ ಹಾಗೇ ಕತ್ತು ವಾರೆ ಮಾಡಿ, "ತಂಗಿ, ನಿಮ್ಮ ತವರುಮನಿ ಎಮ್ಮಿ ಕರ ಹಾಕ್ತಾ?" ಅಂದೆ.

ನಾನಿ ನಕ್ಕಳು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಭುಜ ಕುಣಿಸಿ. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಅರ್ಧ. ಟಪ್ ಅಂತ ಬಳೆ ಒಡೆಯಿತು. ಕೊಟ್ರಮ್ಮನ ಹೆಬ್ಬೆರಳ ಬುಡದಲ್ಲಿ ಕೆಂಪು ಗೆರೆ ಎದ್ದಿತು. ಈ ಮನೆಯ ಬಾಗಿಲು ಇನ್ನು ನಾನಿಗೆ ಮುಚ್ಚಿತು ಎಂದು ಹತ್ತು ವರ್ಷದ ನನಗೂ ತಿಳಿಯಿತು.

ಮುಚ್ಚಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದಿನ ವರ್ಷ ಕೊಟ್ರಮ್ಮನ ಸೀಮಂತಕ್ಕೂ ನಾನಿಗೇ ಕರೆ ಬಂತು, "ಹುಡುಗನ್ನೂ ಕರ್ಕೊಂಡು ಬಾ" ಅನ್ನುವ ಮಾತಿನ ಜೊತೆಗೆ. ಈಗ ನಾನಿ ಇಲ್ಲ. ಆ ಪಡಸಾಲೆಯಲ್ಲಿ ಯಾರೋ ಮೊಬೈಲ್ ಕವರು ಮಾರುತ್ತಾರೆ. ಬಳೆ ತೂಗುತ್ತಿದ್ದ ಗೂಟಗಳಿಗೆ ಚಾರ್ಜರುಗಳು ತೂಗುತ್ತವೆ. ನಾನೂ ಅಲ್ಲಿಂದ ಒಂದು ಕವರು ಕೊಂಡಿದ್ದೇನೆ, ಏನು ಹೇಳಲಿ. ನಾನಿಯ ದನಿ ಮಾಡು ಅಂತ ಅಮ್ಮ ಕೇಳಿದರೆ ಮಾಡುತ್ತೇನೆ, ದನಿ ಬರುತ್ತದೆ. ಆದರೆ ಒಂದು ಕೈ ಹಿಡಿದರೆ ಜಗತ್ತಿನಲ್ಲಿ ಆ ಕೈಯೊಂದೇ ಇದೆ ಅನ್ನುವ ಹಾಗೆ ನೋಡುತ್ತಿದ್ದಳಲ್ಲ, ಆ ನೋಟ ಎಷ್ಟು ಕಲಿತರೂ ಬರಲಿಲ್ಲ. ಎರಡು ನಿಮಿಷಕ್ಕೇ ನನ್ನ ಕಣ್ಣು ಜೇಬಿನ ಕಡೆ ಹೋಗುತ್ತದೆ.

ಆ ದಿನ ಹಾಲಮ್ಮ ಎದ್ದು ನಿಂತು ನನ್ನ ಕಡೆ ಬೆರಳು ಮಾಡಿದಳು. "ಎಲ್ಲಾ ಈ ಮಂಗ್ಯಾನಿಂದ ಆತು! ಸಾಕು ಏಳು ಕೊಟ್ರಮ್ಮ, ಬ್ಯಾರೆ ಬಳಿಗಾರನ್ನ ಕರಸ್ತೀನಿ. ಆ ಹುಡುಗನ್ನ ಮದ್ಲು ಹೊರಗ ಹಾಕ್ರಿ!" ನಾನು ಕಂಬದ ಹಿಂದೆ ಸರಿದೆ. ನಾನಿ ತಲೆ ಎತ್ತಲಿಲ್ಲ. ಸೆರಗಿನ ತುದಿಯಿಂದ ಹುಡುಗಿಯ ಹೆಬ್ಬೆರಳು ಒತ್ತಿಹಿಡಿದಳು, ಇನ್ನೊಂದು ಹಸಿರು ಬಳೆ ತೆಗೆದು ಗೆಣ್ಣಿನ ಮೇಲಿಟ್ಟಳು, ಮೆಲ್ಲಗೆ ಅಂದಳು:

"ನಗಸೋದು ಅವನ ಕೆಲಸ ಹಾಲಮ್ಮ, ಅವ ಮಾಡ್ಯಾನ. ನಗದಂಗ ಇರೋದು ನನ್ನ ಕೆಲಸ, ತಪ್ಪಿದ್ದು ನಾನು. ಬೈಯೋದಿದ್ರ ನನ್ನ ಬೈಯಿ, ಕೈ ಖಾಲಿ ಆದಮ್ಯಾಲೆ ಕೇಳ್ತೀನಿ."